ಅಡಿಕೆ ಕಾಯೋಕೆ ಕೋವಿ ಬೇಡ, ರಸ್ತೆ ಕಾಯಿರಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹೊಸನಗರ ತಾಲ್ಲೂಕಿನ ಸಣ್ಣ ಊರು. ಹನ್ನೊಂದು ಮನೆ, ಒಂದಕ್ಕೊಂದು ದೂರ ದೂರ. ವಯಸ್ಸಾದವರೇ ಜಾಸ್ತಿ, ಮಕ್ಕಳೆಲ್ಲ ಬೆಂಗಳೂರಲ್ಲಿ. ಹೋದ ಸುಗ್ಗಿಯಲ್ಲಿ ಎರಡು ಮನೆಯಲ್ಲಿ ಒಣ ಅಡಿಕೆ ಕಳುವಾಯಿತು. ಈ ಸಲ ಊರಲ್ಲಿರುವ ನಾಲ್ಕಾರು ಹುಡುಗರು ಕೋವಿ ಹಿಡಿದು ರಾತ್ರಿ ಗಸ್ತು ತಿರುಗುತ್ತೇವೆ ಅನ್ನುತ್ತಿದ್ದಾರೆ. ಸರಿಯಾ? ವಾಟ್ಸಾಪ್ ಗ್ರೂಪ್ ಒಂದಿದ್ದರೆ ಸಾಕಾಗಲ್ವಾ?

ಉತ್ತರ: ಮೊದಲು ಕೋವಿಯ ಮಾತು ಮುಗಿಸೋಣ. ಬೇಡ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಕೋವಿಯನ್ನು ಮನುಷ್ಯರ ಮೇಲೆ ಹಾರಿಸಿದರೆ ಜೈಲಿಗೆ ಹೋಗುವುದು ಕಳ್ಳನಲ್ಲ, ನೀವು. ಅಲ್ಲದೆ ರಾತ್ರಿ ಎರಡು ಗಂಟೆಗೆ ತೋಟದಲ್ಲಿ ಬ್ಯಾಟರಿ ಹಿಡಿದು ಬರುವವರು, ನೀರು ಕಟ್ಟಾಯಿತು ಅಂತ ಪೈಪು ನೋಡಲು ಹೊರಟ ಪಕ್ಕದ ಮನೆಯವರೇ ಆಗಿರಬಹುದು, ಅಲ್ವಾ?

ಇನ್ನು ಗಸ್ತು. ರಾತ್ರಿಯಿಡೀ ತಿರುಗುವ ಗಸ್ತು ಎರಡು ವಾರ ಜೋರಾಗಿ ನಡೆಯುತ್ತದೆ. ಆಮೇಲೆ ಹಗಲು ಅಡಿಕೆ ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು ಅಂತ ಸುಸ್ತಾಗಿ ಒಬ್ಬೊಬ್ಬರೇ ತಪ್ಪಿಸಿಕೊಳ್ಳುತ್ತಾರೆ. ಅದರ ಬದಲು ಕಳ್ಳನ ಕಷ್ಟ ಏನು ಅಂತ ಸ್ವಲ್ಪ ಯೋಚಿಸಿ. ಒಂದು ಮೂಟೆ ಅಂದರೆ ಸುಮಾರು 65 ಕೆಜಿ. ರಾಶಿ ಅನ್ನುವ ಕೆಂಪಡಿಕೆ ಕ್ವಿಂಟಲ್‌ಗೆ 50 ಸಾವಿರ ದಾಟಿದರೆ ಒಂದೊಂದು ಮೂಟೆಯೂ 30 ಸಾವಿರಕ್ಕೆ ಮೇಲೆ, ಆಸೆ ಹುಟ್ಟುವುದು ಅಲ್ಲಿ. ಆದರೆ ಅಷ್ಟು ಭಾರ ಹೊತ್ತು ಯಾರೂ ಗುಡ್ಡ ಹತ್ತುವುದಿಲ್ಲ. ಗಾಡಿ ಬೇಕು, ಗಾಡಿಗೆ ರಸ್ತೆ ಬೇಕು, ಮಲೆನಾಡಿನ ಸಣ್ಣ ಊರಿಂದ ಹೊರಗೆ ಹೋಗುವ ರಸ್ತೆ ಎಷ್ಟಿರುತ್ತದೆ? ಒಂದು, ಹೆಚ್ಚೆಂದರೆ ಎರಡು. ಹಾಗಾಗಿ ಹನ್ನೊಂದು ಅಂಗಳಕ್ಕೆ ಹನ್ನೊಂದು ಕ್ಯಾಮೆರಾ ಹಾಕುವ ದುಡ್ಡು ಉಳಿಸಿ, ಎಲ್ಲರೂ ಸೇರಿ ರಸ್ತೆ ಕೂಡುವ ಜಾಗದಲ್ಲಿ ಬ್ಯಾಟರಿ ಇರುವ ಒಂದು ಒಳ್ಳೆ ಸೋಲಾರ್ ಕ್ಯಾಮೆರಾ ಹಾಕಿ, ಗಾಡಿಯ ನಂಬರ್ ಓದುವಷ್ಟು ಕೆಳಗೆ ಇರಲಿ. ಮನೆಗೆ ಹೋಗುವ ನಿಮ್ಮ ಸ್ವಂತ ದಾರಿಗೆ ದಣಪೆ (ಗೇಟು) ಇದ್ದರೆ ರಾತ್ರಿ ಸರಪಳಿ ಹಾಕಿ ಬೀಗ ಹಾಕಿ.

ವಾಟ್ಸಾಪ್ ಗ್ರೂಪ್ ಇರಲಿ, ಆದರೆ ಅದನ್ನೇ ನಂಬಬೇಡಿ. ನಮ್ಮ ಕಡೆ ಕರೆಂಟ್ ಹೋದರೆ ವೈಫೈ ಹೋಯಿತು, ವೈಫೈ ಹೋದರೆ ವಾಟ್ಸಾಪೂ ಹೋಯಿತು. ಪಕ್ಕದ ಮನೆಗೆ ಕೇಳುವ ಸದ್ದೊಂದು ಗೊತ್ತು ಮಾಡಿಕೊಳ್ಳಿ. ಜಾಗಟೆ ಆಗಬಹುದು, ಶಂಖ ಆಗಬಹುದು. ಗರ್ನಾಲು ಪಟಾಕಿ ಮಾತ್ರ ಬೇಡ. ದಿನಾ ಮಂಗ ಓಡಿಸೋಕೆ ಹೊಡೆಯುವ ಊರಲ್ಲಿ ಅದನ್ನು ಕೇಳಿ ಯಾರೂ ಏಳುವುದಿಲ್ಲ! ಆಮೇಲೆ 112ಕ್ಕೆ ಕರೆ ಮಾಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಈ ಕರೆ ಹೋಗುತ್ತದೆ.

ಪೊಲೀಸರನ್ನು ಕಳ್ಳತನ ಆದ ಮೇಲೆ ಹುಡುಕಬೇಡಿ. 2017ರಲ್ಲಿ ಸುಧಾರಿತ ಬೀಟ್ ಪದ್ಧತಿ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಪ್ರತಿ ಬೀಟಿಗೂ, ಅಂದರೆ ಠಾಣೆಯವರು ಗಸ್ತಿಗೆ ಹಂಚಿಕೊಂಡ ಪ್ರತಿ ಪ್ರದೇಶಕ್ಕೂ, ಒಬ್ಬ ಪೊಲೀಸರಿದ್ದಾರೆ, ಜೊತೆಗೆ ಊರಿನವರೇ ಬೀಟ್ ಸದಸ್ಯರಾಗುತ್ತಾರೆ. ನಿಮ್ಮ ಬೀಟ್ ಪೊಲೀಸ್ ಯಾರು ಅಂತ ಠಾಣೆಯಲ್ಲಿ ಕೇಳಿ, ಸುಗ್ಗಿಗೆ ಮೊದಲೇ ಒಂದು ಸಂಜೆ ಊರಿಗೆ ಕರೆಯಿರಿ. ಮದುವೆಗೋ ಆಸ್ಪತ್ರೆಗೋ ಮನೆ ಖಾಲಿ ಬಿಟ್ಟು ಹೋಗುವಾಗ ಅವರಿಗೂ ಪಕ್ಕದ ಮನೆಗೂ ತಿಳಿಸಿ. ಫೇಸ್‌ಬುಕ್‌ಗೆ ಬೇಡ.

ಎಲ್ಲಕ್ಕಿಂತ ಅಗ್ಗದ ಕೆಲಸ ಒಂದಿದೆ, ಅದನ್ನೇ ಯಾರೂ ಮಾಡುವುದಿಲ್ಲ. ಮೂಟೆ ತೂಕ ಮಾಡಿ ಬರೆದಿಡುವುದು, ಚೀಲದ ಒಳಮಗ್ಗುಲಿಗೆ ಬಣ್ಣದ ಗುರುತು ಹಾಕುವುದು. ಗುರುತಿಲ್ಲದ ಅಡಿಕೆ ಮಂಡಿಗೆ ಹೋದ ಮೇಲೆ ನಿಮ್ಮದು ಅಂತ ತೋರಿಸುವುದು ಹೇಗೆ?

ಒಂದು ವೇಳೆ ಕಳ್ಳ ಕೈಗೆ ಸಿಕ್ಕರೆ? ನಿಮ್ಮ ಕಣ್ಣೆದುರೇ ಜಾಮೀನುರಹಿತ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ನಡೆದರೆ ಹಿಡಿಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಅವಕಾಶ ಕೊಡುತ್ತದೆ. ಆದರೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆಯಲು ಯಾವ ಕಲಮೂ ಇಲ್ಲ. ಬರೀ ಅನುಮಾನದ ಮೇಲೆ ಅಪರಿಚಿತರನ್ನು ತಡೆದು ನಿಲ್ಲಿಸುವುದಂತೂ ಬೇಡವೇ ಬೇಡ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅವರ ಗೆಳೆಯರ ತಂಡ ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು, ಅಷ್ಟೇ.

ಪ್ರಶ್ನೆ: ಕೊಯ್ಲಿಗೆ ಹೊರಗಿಂದ ಬರುವ ಕೂಲಿಯವರ ಆಧಾರ್ ಕಾರ್ಡ್ ನಾವು ಇಟ್ಟುಕೊಳ್ಳಬಹುದಾ?

ಉತ್ತರ: ಮೂಲ ಕಾರ್ಡ್ ಇಟ್ಟುಕೊಳ್ಳಬೇಡಿ. ಅವರು ಒಪ್ಪಿದರೆ ಜೆರಾಕ್ಸ್ ಸಾಕು, ಜೊತೆಗೆ ಮೊಬೈಲ್ ನಂಬರ್ ಮತ್ತು ಕರೆತಂದ ಮೇಸ್ತ್ರಿಯ ನಂಬರ್. ಹೊರಗಿನವರು ಅಂತಲೇ ಮೊದಲು ಬೆರಳು ತೋರಿಸುವ ಚಾಳಿ ನನಗೆ ಸರಿ ಕಾಣುವುದಿಲ್ಲ. ನಾಯಿ ಎಲ್ಲಿ ಕಟ್ಟುತ್ತೀರಿ, ಯಾವ ಕೋಣೆಯಲ್ಲಿ ಮೂಟೆ ಇದೆ, ಯಾವತ್ತು ನೀವು ಯಕ್ಷಗಾನದ ಆಟ ನೋಡಲು ಹೋಗುತ್ತೀರಿ ಅನ್ನುವುದು ಊರಿನವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಕೂಲಿಯವರ ಮೇಸ್ತ್ರಿಯನ್ನೂ ನಿಮ್ಮ ಗ್ರೂಪಿಗೆ ಸೇರಿಸಿಕೊಳ್ಳಿ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ತೋಟಕ್ಕೆ ಇಳಿಯುವವರು ಅವರೇ.