ಹ್ಯಾರನ್‌ಹಾಲ್‌ನಲ್ಲಿ ರೇಗಾರ್ ಹೂವಿನ ಕಿರೀಟವನ್ನು ಲಿಯಾನಾಳಿಗೆ ಕೊಟ್ಟದ್ದೇಕೆ?

‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಕಾದಂಬರಿ ಸರಣಿಯ ಪೂರ್ವಕಥೆಯಲ್ಲಿ ಯುವರಾಜ ರೇಗಾರ್ ಟಾರ್ಗೇರಿಯನ್ ಹ್ಯಾರನ್‌ಹಾಲ್ ಕೋಟೆಯಲ್ಲಿ ನಡೆದ ಕುದುರೆ ಸವಾರರ ಭರ್ಜಿ ಪಂದ್ಯವನ್ನು ಗೆಲ್ಲುತ್ತಾನೆ. ಗೆದ್ದವನು ತನ್ನ ಹೆಂಡತಿ ಈಲಿಯಾಳನ್ನು ದಾಟಿ ಕುದುರೆಯನ್ನು ಮುಂದಕ್ಕೆ ನಡೆಸಿ, ರಾಬರ್ಟ್ ಬರಾಥಿಯನ್‌ನಿಗೆ ನಿಶ್ಚಯವಾಗಿದ್ದ ಲಿಯಾನಾ ಸ್ಟಾರ್ಕ್‌ಳ ಮಡಿಲಲ್ಲಿ ನೀಲಿ ಗುಲಾಬಿಯ ಕಿರೀಟವನ್ನು ಇಡುತ್ತಾನೆ. ಇದು ಪ್ರೇಮವೋ, ಭವಿಷ್ಯವಾಣಿಯ ಮೇಲಿನ ನಂಬಿಕೆಯೋ ಎಂದು ನೀವು ಕೇಳಿದ್ದೀರಿ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರು 1996ರಿಂದ 2011ರವರೆಗೆ ಪ್ರಕಟಿಸಿದ ಐದು ಸಂಪುಟಗಳಲ್ಲಿ ಇದಕ್ಕೆ ನೇರವಾದ ಉತ್ತರವಿಲ್ಲ. ನನ್ನ ಮಟ್ಟಿಗೆ, ಕಿರೀಟ ಕೊಟ್ಟದ್ದಕ್ಕೂ ಮುಂದೆ ಅವಳನ್ನು ಕರೆದೊಯ್ದದ್ದಕ್ಕೂ ಕಾರಣಗಳು ಬೇರೆಬೇರೆ. ಎರಡನ್ನೂ ಒಂದೇ ಉದ್ದೇಶಕ್ಕೆ ಕಟ್ಟಿಹಾಕಲು ಹೊರಟಾಗಲೇ ತೊಡಕು ಶುರುವಾಗುತ್ತದೆ.

ನಮ್ಮ ಉಡುಪಿಯ ಕಡೆ ತಾಳಮದ್ದಲೆ ಕೇಳುತ್ತ ಬೆಳೆದವರಿಗೆ ಈ ಬಗೆಯ ಪ್ರಶ್ನೆ ಹೊಸದಲ್ಲ. ಭಾಗವತರು ಹಾಡುವ ಪದ್ಯದಲ್ಲಿ ಭೀಷ್ಮನು ಕಾಶಿರಾಜನ ಮಕ್ಕಳನ್ನು ರಥಕ್ಕೇರಿಸಿಕೊಂಡು ಹೋದ ಎಂಬಷ್ಟೇ ಇರಬಹುದು; ಅವನ ಮನಸ್ಸಿನಲ್ಲಿ ಆಗ ಏನಿತ್ತು ಎಂಬುದನ್ನು ಅರ್ಥಧಾರಿಯೇ ಮಾತಿನಲ್ಲಿ ಕಟ್ಟಿಕೊಡಬೇಕಾಗುತ್ತದೆ. ಆ ಸ್ವಾತಂತ್ರ್ಯಕ್ಕೂ ಒಂದು ಶಿಸ್ತಿದೆ. ಹೇಳುವ ಅರ್ಥ ಪದ್ಯಕ್ಕೆ ವಿರುದ್ಧವಾಗಬಾರದು, ಅಂಬೆ ಮುಂದೆ ಶಿಖಂಡಿಯಾಗಿ ಬರುತ್ತಾಳೆಂಬುದನ್ನು ಆ ಹೊತ್ತಿನ ಭೀಷ್ಮನ ಬಾಯಲ್ಲಿ ಹೇಳಿಸಲೂಬಾರದು. ರೇಗಾರ್‌ನ ವಿಷಯದಲ್ಲಿ ಓದುಗರು ಹೆಚ್ಚಾಗಿ ಮರೆಯುವುದು ಈ ಎರಡನೆಯ ಕಟ್ಟುಪಾಡನ್ನೇ.

ಭವಿಷ್ಯವಾಣಿಯ ವಾದವನ್ನೇ ನೋಡಿ. ‘ಡ್ರ್ಯಾಗನ್‌ಗೆ ಮೂರು ತಲೆಗಳಿರಬೇಕು’ ಎಂದು ರೇಗಾರ್ ನಂಬಿದ್ದ. ಅಂದರೆ ಅವನಿಗೆ ಮೂರನೆಯ ಮಗು ಬೇಕಾಗಿತ್ತು. ಈಲಿಯಾಳಿಂದ ಅದು ಸಾಧ್ಯವಿರಲಿಲ್ಲ. ಆದ್ದರಿಂದ ಲಿಯಾನಾಳನ್ನು ಆರಿಸಿದ ಎನ್ನುತ್ತಾರೆ. ಆದರೆ ಈಲಿಯಾ ಇನ್ನು ಹೆರಲಾರಳು ಎಂದು ವೈದ್ಯವಿದ್ಯೆ ಬಲ್ಲ ಮೇಸ್ಟರ್‌ಗಳು ತಿಳಿಸಿದ್ದು ಮಗ ಏಗನ್ ಹುಟ್ಟಿದ ಬಳಿಕ; ರೇಗಾರ್‌ನ ಗೆಳೆಯ ಜಾನ್ ಕಾನಿಂಗ್ಟನ್ ಐದನೆಯ ಸಂಪುಟದಲ್ಲಿ ಇದನ್ನು ನೆನಪಿಸಿಕೊಳ್ಳುತ್ತಾನೆ. ಪಂದ್ಯ ನಡೆದದ್ದು ಆ ಕಥಾಲೋಕದ ಲೆಕ್ಕದಲ್ಲಿ 281ನೆಯ ವರ್ಷದ ‘ಹುಸಿ ವಸಂತ’ದಲ್ಲಿ, ರೇಗಾರ್ ಮನೆ ಬಿಟ್ಟು ಹೊರಟದ್ದು ವರ್ಷ ಬದಲಾದ ಮೇಲೆ. ಕಾಲಾನುಕ್ರಮವನ್ನು ಜೋಡಿಸಿ ನೋಡಿದರೆ ಏಗನ್‌ನ ಜನನ ಈ ಎರಡು ಘಟನೆಗಳ ನಡುವೆ ಬರುತ್ತದೆ. ಹಾಗಾದರೆ ಕಿರೀಟ ಇಟ್ಟ ದಿನ ಅವನಿಗೆ ಬೇರೊಬ್ಬ ತಾಯಿಯನ್ನು ಹುಡುಕುವ ಅಗತ್ಯವೇ ಬಿದ್ದಿರಲಿಲ್ಲ.

ರಾಜಕೀಯದ ವಾದವೂ ನಿಲ್ಲುವುದಿಲ್ಲ. ಹುಚ್ಚು ಹೆಚ್ಚುತ್ತಿದ್ದ ತಂದೆ ಏರಿಸ್‌ನನ್ನು ಕೆಳಗಿಳಿಸಲು ದೊಡ್ಡ ಮನೆತನಗಳನ್ನು ಒಟ್ಟುಗೂಡಿಸುವುದೇ ಆ ಪಂದ್ಯದ ಗುಟ್ಟಾಗಿತ್ತು ಎಂಬ ಮಾತು 2014ರ ‘ದ ವರ್ಲ್ಡ್ ಆಫ್ ಐಸ್ ಆ್ಯಂಡ್ ಫೈರ್’ ಗ್ರಂಥದಲ್ಲಿ ಬರುತ್ತದೆ. ಅದು ನಿಜವೇ ಆಗಿದ್ದರೆ, ಈಲಿಯಾಳ ತವರಾದ ಡಾರ್ನ್, ಸ್ಟಾರ್ಕ್, ಬರಾಥಿಯನ್ ಈ ಮೂರೂ ಮನೆಗಳನ್ನು ಒಂದೇ ಏಟಿಗೆ ನೋಯಿಸಿದ ಆ ಕಿರೀಟ ಅವನ ಯೋಜನೆಗೇ ಕೊಡಲಿಯಾಯಿತು. ಲೆಕ್ಕ ಹಾಕಿ ನಡೆಯುವ ಮನುಷ್ಯ ಹಾಗೆ ಮಾಡಲಾರ.

ಉಳಿಯುವುದು, ಗುರಾಣಿಯ ಮೇಲೆ ನಗುವ ಮರದ ಚಿತ್ರವಿದ್ದ ‘ನಗುವ ಮರದ ವೀರ’ನ ಕಥೆ. ಮೂರನೆಯ ಸಂಪುಟದಲ್ಲಿ ಮೀರಾ ರೀಡ್ ಎಂಬ ಹುಡುಗಿ ಇದನ್ನು ಲಿಯಾನಾಳ ಅಣ್ಣ ನೆಡ್‌ನ ಮಗ ಬ್ರಾನ್‌ನಿಗೆ ಹೇಳುತ್ತಾಳೆ. ಜವುಗು ನಾಡಿನಿಂದ ಬಂದ ಗಿಡ್ಡ ಯುವಕನನ್ನು ಮೂವರು ಸೇವಕ ಹುಡುಗರು ಹೊಡೆಯುತ್ತಿರುವಾಗ ‘ತೋಳದ ಹುಡುಗಿ’, ಅಂದರೆ ಲಿಯಾನಾ, ಪಂದ್ಯದ ಕತ್ತಿ ಹಿಡಿದು ನುಗ್ಗಿ ಅವರನ್ನು ಚದುರಿಸುತ್ತಾಳೆ. ಆಮೇಲೆ ಮೈಗೆ ಸರಿಹೊಂದದ ಕವಚ ತೊಟ್ಟ ಅನಾಮಿಕ ವೀರನೊಬ್ಬ ಕಾಣಿಸಿಕೊಂಡು, ಆ ಹುಡುಗರ ಒಡೆಯರಾದ ಮೂವರನ್ನೂ ಸೋಲಿಸಿ, ಒತ್ತೆಹಣದ ಬದಲು ‘ನಿಮ್ಮ ಹುಡುಗರಿಗೆ ಮರ್ಯಾದೆ ಕಲಿಸಿ’ ಎಂದಷ್ಟೇ ಕೇಳುತ್ತಾನೆ. ರಾಜ ಏರಿಸ್ ಅವನಲ್ಲಿ ಶತ್ರುವನ್ನು ಕಂಡು, ಹುಡುಕಲು ರೇಗಾರ್‌ನನ್ನೇ ಕಳಿಸುತ್ತಾನೆ. ಸಿಕ್ಕಿದ್ದು ಮರದಲ್ಲಿ ತೂಗುತ್ತಿದ್ದ ಗುರಾಣಿ ಮಾತ್ರ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆ ವೀರ ಲಿಯಾನಾಳೇ ಆಗಿದ್ದು, ರೇಗಾರ್ ಅವಳನ್ನು ಗುರುತಿಸಿ ತಂದೆಯ ಕಣ್ಣಿನಿಂದ ಮರೆಮಾಡಿದ್ದರೆ, ಬಹಿರಂಗವಾಗಿ ಹೊಗಳಲಾಗದ ಶೌರ್ಯಕ್ಕೆ ಸಲ್ಲಿಸಬಹುದಾದ ಏಕೈಕ ಗೌರವ ಆ ಕಿರೀಟವಾಗಿತ್ತು. ಅವನು ಅವಳನ್ನು ಗುರುತಿಸಿದ ಎಂದು ಯಾವ ಪುಟವೂ ಹೇಳುವುದಿಲ್ಲ, ನಿಜ. ಆದರೂ ಬರೆದಿರುವ ಒಂದು ಸಾಲನ್ನೂ ಮುರಿಯದೆ ನಿಲ್ಲುವ ಅರ್ಥ ಇದೊಂದೇ ಎಂದು ನನಗೆ ಅನ್ನಿಸುತ್ತದೆ.

ಕರೆದೊಯ್ದ ಸಂಗತಿಗೆ ಬಂದರೆ ಭವಿಷ್ಯವಾಣಿಗೆ ಬಲ ಬರುತ್ತದೆ, ಏಕೆಂದರೆ ಆ ಹೊತ್ತಿಗೆ ಮೇಸ್ಟರ್‌ಗಳ ಮಾತು ಅವನ ಕಿವಿಗೆ ಬಿದ್ದಾಗಿತ್ತು. ಪ್ರೇಮ ಇರಲಿಲ್ಲವೆಂದು ಇದರರ್ಥವಲ್ಲ. ಇಲ್ಲಿ ಯಾರು ಹೇಳುತ್ತಿದ್ದಾರೆ ಎಂಬುದನ್ನು ತೂಗಿ ನೋಡಬೇಕು. ಬಲಾತ್ಕಾರ ಎನ್ನುವ ರಾಬರ್ಟ್ ಅವಳನ್ನು ಕಳೆದುಕೊಂಡವನು. ರೇಗಾರ್ ಪ್ರೀತಿಸಿದ ಎನ್ನುವ ಬ್ಯಾರಿಸ್ಟನ್ ಸೆಲ್ಮಿ ಆ ಮನೆತನದ ಅಂಗರಕ್ಷಕನಾಗಿದ್ದವನು. ನನಗೆ ಹೆಚ್ಚು ಭಾರವಾಗಿ ಕಾಣುವುದು ನೆಡ್‌ನ ಸಾಕ್ಷ್ಯ. ತಂಗಿಯ ಕೊನೆಯುಸಿರಿನ ಬಳಿ ಇದ್ದ ಆ ಅಣ್ಣ, ರೇಗಾರ್ ವೇಶ್ಯಾಗೃಹಗಳಿಗೆ ಹೋಗುತ್ತಿದ್ದನೇ ಎಂದು ಒಮ್ಮೆ ಯೋಚಿಸಿ, ಇಲ್ಲವೆಂದೇ ತನಗೆ ತಾನೇ ಉತ್ತರಿಸಿಕೊಳ್ಳುತ್ತಾನೆ. ಅವನ ನೆನಪುಗಳಲ್ಲಿ ರೇಗಾರ್‌ನ ಮೇಲೆ ದ್ವೇಷದ ಕಿಡಿ ಕಾಣುವುದಿಲ್ಲ. ತಂಗಿಯನ್ನು ಹೊತ್ತೊಯ್ದು ಹಿಂಸಿಸಿದವನನ್ನು ಹಾಗೆ ನೆನೆಯುವ ಅಣ್ಣ ಇರಲಾರ.

ಹಾಗೆಂದು ರೇಗಾರ್‌ನನ್ನು ನಿರ್ದೋಷಿಯೆಂದು ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಲಿಯಾನಾ ಸತ್ತಾಗ ಅವಳಿಗೆ ಹದಿನಾರು ವರ್ಷ. ಹೆಂಡತಿ, ಇಬ್ಬರು ಮಕ್ಕಳಿದ್ದ ವಯಸ್ಕನೊಬ್ಬ ಆ ಹುಡುಗಿಯನ್ನು ಕರೆದೊಯ್ದ. ಅವಳು ಒಪ್ಪಿಯೇ ಹೋಗಿದ್ದರೂ ಹೊಣೆಯ ಹೆಚ್ಚಿನ ಪಾಲು ಅವನದೇ. ಅವಳಿಗೂ ಅವಳದೇ ಕಾರಣಗಳಿದ್ದಿರಬೇಕು. ಪ್ರೀತಿ ಸಿಹಿಯಾದರೂ ಗಂಡಸಿನ ಸ್ವಭಾವವನ್ನು ಬದಲಿಸಲಾರದು ಎಂದು ರಾಬರ್ಟ್‌ನ ಬಗ್ಗೆ ಅಣ್ಣನೊಡನೆ ಹೇಳಿದವಳು ಅವಳು. ರೇಗಾರ್‌ನ ಹಾಡಿಗೆ ಕಣ್ಣೀರು ಹಾಕಿ, ಅದಕ್ಕೆ ಗೇಲಿ ಮಾಡಿದ ತಮ್ಮನ ತಲೆಯ ಮೇಲೆ ಮದ್ಯ ಸುರಿದವಳೂ ಅವಳೇ. ಇಂಥವಳನ್ನು ಯಾರೋ ಎತ್ತಿಕೊಂಡು ಹೋದ ವಸ್ತುವಿನಂತೆ ಓದುವುದು ಅನ್ಯಾಯ.

2017ರ ಟಿವಿ ಧಾರಾವಾಹಿಯಲ್ಲಿ ಬಂದ ಗುಟ್ಟಿನ ಮದುವೆಯ ವಿವರಣೆಯನ್ನು ನಾನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದು ಬೇರೆಯವರು ಕಟ್ಟಿದ ಬೇರೆ ಕೃತಿ. ಮೀರಾಳ ಕಥೆಯನ್ನು ನೀವು ಮತ್ತೊಮ್ಮೆ ಓದುವುದಾದರೆ, ಅವಳ ತಮ್ಮ ಜೋಜೆನ್ ನಡುನಡುವೆ ಬಾಯಿ ಹಾಕಿ ‘ನಿಮ್ಮ ತಂದೆ ಈ ಕಥೆಯನ್ನು ನಿಮಗೆ ಹೇಳಿಯೇ ಇಲ್ಲವೇ?’ ಎಂದು ಬ್ರಾನ್‌ನನ್ನು ಮತ್ತೆಮತ್ತೆ ಕೇಳುವುದನ್ನು ಗಮನಿಸಿ. ನೆಡ್ ಅದನ್ನು ಮಕ್ಕಳಿಗೆ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಯಿಂದ ಹೊರಟರೆ ಲಿಯಾನಾಳ ಬಗೆಗಿನ ಉಳಿದ ಸುಳಿವುಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ.