ದಾದಿಯ ಸಂಬಳಕ್ಕೂ ತೆರಿಗೆಯೇ?

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮಗುವನ್ನು ನೋಡಿಕೊಳ್ಳಲು ವಾರಕ್ಕೆ 15 ಗಂಟೆ ಒಬ್ಬಾಕೆ ಬರುತ್ತಾರೆ. ಗಂಟೆಗೆ 22 ಡಾಲರ್. ‘ಗುತ್ತಿಗೆದಾರರಿಗೆ ಕೊಡುವ 1099 ಫಾರಂ ಕೊಟ್ಟು ಕೈತೊಳೆದುಕೊಳ್ಳಿ’ ಎನ್ನುತ್ತಾರೆ ಗೆಳೆಯರು. ಸರಿಯೇ?
– ಓದುಗರೊಬ್ಬರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಸರಿಯಲ್ಲ. ಎಷ್ಟು ಹೊತ್ತಿಗೆ ಬರಬೇಕು, ಮಗುವಿಗೆ ಏನು ತಿನ್ನಿಸಬೇಕು ಎಂದು ಹೇಳುವವರು ನೀವು ತಾನೆ? ಹಾಗಾದರೆ ಆಕೆ ಗುತ್ತಿಗೆದಾರರಲ್ಲ, ನಿಮ್ಮ ನೌಕರರು. ಕೊಡಬೇಕಾದದ್ದು ಡಬ್ಲ್ಯೂ-2, ಅಂದರೆ ನೌಕರರ ವರ್ಷದ ಸಂಬಳ ಮತ್ತು ತೆರಿಗೆ ಕಡಿತ ತೋರಿಸುವ ಫಾರಂ. ಅರೆಕಾಲಿಕ ಎಂಬ ವಿನಾಯಿತಿಯೂ ಇಲ್ಲ.

2025ರಲ್ಲಿ ಒಬ್ಬರಿಗೆ ಕೊಟ್ಟ ಸಂಬಳ 2,800 ಡಾಲರ್ ಮುಟ್ಟಿದರೆ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆ ಅನ್ವಯಿಸುತ್ತದೆ. ನಿಮ್ಮ ಲೆಕ್ಕದಲ್ಲಿ ವಾರಕ್ಕೆ 330 ಡಾಲರ್. ಒಂಬತ್ತನೇ ವಾರಕ್ಕೇ ಆ ವರ್ಷದ ಗಡಿ ದಾಟುತ್ತದೆ. ಆಕೆಯ ವಾರದ ಸಂಬಳದಿಂದ ಶೇ 7.65, ಅಂದರೆ ಸುಮಾರು 25 ಡಾಲರ್ ಹಿಡಿದು, ಅಷ್ಟನ್ನೇ ನೀವೂ ಸೇರಿಸಬೇಕು. ಆಕೆಯ ಪಾಲನ್ನೂ ನೀವೇ ಭರಿಸುವುದಾದರೆ ಕಾನೂನಿನ ಅಡ್ಡಿಯಿಲ್ಲ. ಆದಾಯ ತೆರಿಗೆಯನ್ನು ಹಿಡಿಯುವುದು ಆಕೆ ಕೇಳಿ, ನೀವು ಒಪ್ಪಿದರೆ ಮಾತ್ರ.

ತ್ರೈಮಾಸಿಕ ಸಂಬಳ 1,000 ಡಾಲರ್ ಮುಟ್ಟಿದ್ದರಿಂದ ಫೆಡರಲ್ ನಿರುದ್ಯೋಗ ತೆರಿಗೆಯೂ ಇದೆ. ಅದು ಪೂರ್ತಿ ನಿಮ್ಮದೇ. ಕ್ಯಾಲಿಫೋರ್ನಿಯಾದಲ್ಲಿ ತ್ರೈಮಾಸಿಕಕ್ಕೆ 750 ಡಾಲರ್ ಆದರೆ ರಾಜ್ಯದ ಉದ್ಯೋಗ ಇಲಾಖೆಯಾದ ಇಡಿಡಿಯಲ್ಲಿ ನೋಂದಣಿ ಬೇರೆ ಆಗಬೇಕು.

ಐಆರ್‌ಎಸ್ (ಫೆಡರಲ್ ತೆರಿಗೆ ಇಲಾಖೆ) ಜಾಲತಾಣದಲ್ಲಿ ಇಐಎನ್, ಅಂದರೆ ಉದ್ಯೋಗದಾತರ ಗುರುತಿನ ಸಂಖ್ಯೆ ಪುಕ್ಕಟೆ ಸಿಗುತ್ತದೆ. ಫೆಡರಲ್ ಲೆಕ್ಕವನ್ನು ನಿಮ್ಮ ವಾರ್ಷಿಕ ತೆರಿಗೆ ವಿವರದ ಫಾರಂ 1040ರ ಜೊತೆ, ಮನೆಗೆಲಸದವರ ತೆರಿಗೆಗೆಂದೇ ಇರುವ ‘ಷೆಡ್ಯೂಲ್ ಎಚ್’ನಲ್ಲಿ ತೋರಿಸಿ. ಏಪ್ರಿಲ್‌ನಲ್ಲಿ ಒಟ್ಟಿಗೇ ಹೊರೆ ಬೀಳದಂತೆ ನಿಮ್ಮ ಕಂಪನಿಗೆ ಹೊಸ ಡಬ್ಲ್ಯೂ-4 (ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ತಿಳಿಸುವ ಫಾರಂ) ಕೊಟ್ಟು, ನಿಮ್ಮ ಸಂಬಳದಿಂದ ಹೆಚ್ಚು ಕಡಿತ ಮಾಡಿಸಿಕೊಳ್ಳಿ. ಗೆಳೆಯರ ಸಲಹೆಗಿಂತ ಇದು ಅಗ್ಗವೇ.