ಬರೀ ಬಂಡೆ, ಬಯಲು ಇರುವ ಊರಲ್ಲಿ ಏನು ಚಿತ್ರ ಬರೆಯೋದು?

ನೀವು ಕೇಳಿರೋದು ಇಷ್ಟು: ಊರು ಕೋಲಾರದ ಪಕ್ಕ, ವಾಟರ್ ಕಲರ್ ಕಲಿಯುತ್ತಿದ್ದೀರಿ, ಸುತ್ತ ನೋಡಿದರೆ ಬಂಡೆ, ನೀಲಗಿರಿ ತೋಪು, ಒಣ ಬಯಲು. ಹೊಳೆ ಇಲ್ಲ, ಕಾಡಿಲ್ಲ. ಕಲಾವಿದರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತೆ, ಒಂದಷ್ಟು ದಿನ ಮಲೆನಾಡಿಗೆ ಹೋಗಿ ಇರಬೇಕಾ ಅಂತ. ನಾನು ಚಿಕ್ಕಬಳ್ಳಾಪುರದವಳು. ಬಹಳ ವರ್ಷಗಳಿಂದ ವಾಟರ್ ಕಲರ್‌ನಲ್ಲೇ ಚಿತ್ರ ಬರೆಯುತ್ತಿದ್ದೇನೆ, ಮನೆಯಲ್ಲಿ ಮಕ್ಕಳಿಗೂ ಹೇಳಿಕೊಡುತ್ತೇನೆ. ಮಲೆನಾಡಿಗೆ ಖಂಡಿತ ಹೋಗಿ, ಕಡುಬು ತಿನ್ನಿ, ಮಳೆಯಲ್ಲಿ ನೆನೆಯಿರಿ. ಚಿತ್ರಕ್ಕೋಸ್ಕರ ಅಂತ ಮಾತ್ರ ಹೋಗಬೇಡಿ.

ನಾನು ಮಕ್ಕಳಿಗೆ ಕೇಳೋದು ಒಂದೇ ಪ್ರಶ್ನೆ. ಕೈಯಲ್ಲಿ ಬ್ರಷ್ ಇಲ್ಲದಿದ್ದಾಗ, ಯಾರಿಗೂ ಏನೂ ತೋರಿಸಬೇಕಾಗಿಲ್ಲದಾಗ, ಯಾವುದರ ಮುಂದೆ ಸುಮ್ನೆ ನಿಂತುಬಿಡುತ್ತೀಯ? ಸಂತೆಯಲ್ಲೋ, ಅಡುಗೆಮನೆಯಲ್ಲೋ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲೋ. ಅದನ್ನು ಬರಿ. ನೋಡಲು ನಿನಗೇ ಆಸೆ ಇಲ್ಲದ ಜಲಪಾತ ಬರೆದರೆ ಅದು ಕ್ಯಾಲೆಂಡರ್ ಚಿತ್ರ ಆಗುತ್ತದೆ, ಅಷ್ಟೆ.

ನನ್ನ ವಿಷಯ ಹೇಳೋದಾದರೆ, ನಾಚಿಕೆ ಏನಿಲ್ಲ, ನಾನು ನಿಲ್ಲೋದು ತಿನ್ನುವ ಪದಾರ್ಥದ ಮುಂದೆ. ಡಿಸೆಂಬರ್, ಜನವರಿಯಲ್ಲಿ ಸೊಗಡವರೆ ಬರುತ್ತದಲ್ಲ, ಮಾರ್ಕೆಟ್‌ಗೆ ಕಾಲಿಟ್ಟ ಕೂಡಲೇ ಆ ವಾಸನೆ, ಮುಟ್ಟಿದರೆ ಕೈಗೆಲ್ಲ ಅಂಟು. ರಾತ್ರಿ ನೆನೆಸಿದ ಕಾಳನ್ನು ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಹಿತುಕುವಾಗ ಒಂದು ಕಡೆ ಬೇಳೆ ರಾಶಿ, ಇನ್ನೊಂದು ಕಡೆ ಸಿಪ್ಪೆ ರಾಶಿ. ಆ ಬೇಳೆಯ ಬಣ್ಣ ಏನು ಅಂತ ಒಮ್ಮೆ ಸರಿಯಾಗಿ ನೋಡಿ. ಹಸಿರು ಅಂತ ಹೇಳಿಬಿಡುತ್ತೇವೆ, ಆದರೆ ಟ್ಯೂಬ್‌ಲೈಟ್ ಕೆಳಗೆ ಅದು ನೀಲಿಯತ್ತ ವಾಲುತ್ತದೆ, ಬೆಳಗ್ಗೆ ಕಿಟಕಿ ಹತ್ತಿರ ಇಟ್ಟರೆ ಹಳದಿಯತ್ತ. ರೆಡಿಮೇಡ್ ಹಸಿರು ಟ್ಯೂಬ್ ಯಾವುದೂ ಅದಕ್ಕೆ ಹೊಂದುವುದಿಲ್ಲ. ಲೆಮನ್ ಯೆಲ್ಲೋಗೆ ಸ್ವಲ್ಪವೇ ಸ್ವಲ್ಪ ಸೆರುಲಿಯನ್ ಬ್ಲೂ ಸೇರಿಸಿ, ನೀರು ಜಾಸ್ತಿ ಮಾಡಿ ಹಚ್ಚಿ. ಮಾರನೆಯ ದಿನ ಮುದ್ದೆ ಜೊತೆ ಹಿತಕಿದ ಬೇಳೆ ಸಾರು ತಿನ್ನುವಾಗ ಇನ್ನೊಂದು ಬಣ್ಣ ಸಿಗುತ್ತದೆ, ಅದು ಬೇರೆ ಕಥೆ.

ದ್ರಾಕ್ಷಿಯೂ ಹಾಗೆಯೇ. ನಮ್ಮ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯ ಮೇಲೆ ಬೂದಿ ಮೆತ್ತಿದ ಹಾಗೆ ಕಾಣುತ್ತದಲ್ಲ, ಅದು ಹಣ್ಣಿನದೇ ಮೇಣ. ಬೆರಳು ತಗುಲಿದರೆ ಅಳಿಸಿ ಹೋಗುತ್ತದೆ, ಅದಕ್ಕೆ ಗೊಂಚಲನ್ನು ತೊಟ್ಟಲ್ಲೇ ಹಿಡಿದು ತನ್ನಿ. ಮೊದಲು ಇಡೀ ಗೊಂಚಲಿಗೆ ತೆಳು ನೀಲಿ ಬೂದು ವಾಷ್ (ನೀರು ಹೆಚ್ಚು ಬೆರೆಸಿದ ಬಣ್ಣದ ಪದರ) ಕೊಟ್ಟು ಒಣಗಲು ಬಿಡಿ. ಆಮೇಲೆ ಕಡು ನೇರಳೆ ಹಾಕುವಾಗ ಮೇಣ ಇರುವ ಜಾಗವನ್ನು ಬಿಡುತ್ತಾ ಬನ್ನಿ. ಮನೆಯಲ್ಲಿ ಮಕ್ಕಳಿದ್ದರೆ ಬೇಗ ಮುಗಿಸಿ.

ಈಗ ಬಂಡೆಗೆ ಬರೋಣ. ನೀವು "ಬರೀ ಬಂಡೆ" ಅಂದಿದ್ದಕ್ಕೆ, ನಿಜ ಹೇಳಬೇಕೆಂದರೆ, ಸ್ವಲ್ಪ ಸಿಟ್ಟು ಬಂತು. ಭೂವಿಜ್ಞಾನಿಗಳ ಲೆಕ್ಕದಲ್ಲಿ ನಮ್ಮ ಸೀಮೆಯ ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ವಯಸ್ಸು ಹಾಗಿರಲಿ, ಬಣ್ಣ ನೋಡಿ. ದೂರದಿಂದ ಎಲ್ಲ ಬೂದು. ಹತ್ತಿರ ಹೋದರೆ ಒಂದು ಕಡೆ ನಸುಗೆಂಪು, ಅದು ಫೆಲ್ಡ್‌ಸ್ಪಾರ್ ಅನ್ನೋ ಖನಿಜ. ನಡುವೆ ಮಿಣುಕುವ ಕಪ್ಪು ಚುಕ್ಕಿ, ಅದು ಕಾಗೆಬಂಗಾರ. ವರ್ಷವರ್ಷವೂ ಮಳೆನೀರು ಇಳಿಯುವ ಜಾಗದಲ್ಲಿ ಮೇಲಿಂದ ಕೆಳಗೆ ಉದ್ದನೆಯ ಕಪ್ಪು ಪಟ್ಟೆ, ಪಾಚಿ ಬೆಳೆದು ಒಣಗಿದ್ದು. ಅಲ್ಲಲ್ಲಿ ಬೂದುಹಸಿರು ಮಚ್ಚೆಗಳು, ಅವು ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ನೆಂಟರು. ಇದೇ ಬಂಡೆ ಬೆಳಗ್ಗೆ ಏಳಕ್ಕೆ ಒಂದು ಥರ, ಮಧ್ಯಾಹ್ನ ನೆರಳೆಲ್ಲ ಸತ್ತು ಚಪ್ಪಟೆ, ಸಂಜೆ ಐದರ ಮೇಲೆ ತಾಮ್ರದ ಬಣ್ಣ. ಮಳೆ ಬಿದ್ದ ಹತ್ತು ನಿಮಿಷಕ್ಕೆ ಹೋಗಿ ನೋಡಿದರೆ ಗುರುತೇ ಸಿಗುವುದಿಲ್ಲ, ಅಷ್ಟು ಕಪ್ಪಾಗಿರುತ್ತದೆ, ಆಕಾಶ ಅದರ ಮೇಲೆ ಹೊಳೆಯುತ್ತಿರುತ್ತದೆ.

ಇದಕ್ಕೆ ಎರಡೇ ಟ್ಯೂಬ್ ಸಾಕು, ಬರ್ಂಟ್ ಸಿಯೆನ್ನಾ (ಕೆಂಗಂದು) ಮತ್ತು ಅಲ್ಟ್ರಾಮರೀನ್ ಬ್ಲೂ. ಸೇರಿಸಿದರೆ ಬೂದು. ನೆರಳಿಗೆ ನೀಲಿ ಜಾಸ್ತಿ, ಬಿಸಿಲಿಗೆ ಸಿಯೆನ್ನಾ ಜಾಸ್ತಿ. ಅಲ್ಟ್ರಾಮರೀನ್ ಕಣಗಳು ಒರಟು ಕಾಗದದ ತಗ್ಗುಗಳಲ್ಲಿ ಹೋಗಿ ಕೂರುತ್ತವೆ, ಕಲ್ಲಿನ ತರಿತರಿ ತಾನಾಗೇ ಬರುತ್ತದೆ. ಕಪ್ಪು ಟ್ಯೂಬ್ ಮುಟ್ಟಲೇಬೇಡಿ.

ಎಲ್ಲರೂ ನಂದಿಬೆಟ್ಟದ ಸೂರ್ಯೋದಯ ಬರೆಯಿರಿ ಅನ್ನುತ್ತಾರೆ. 1478 ಮೀಟರ್ ಎತ್ತರ, ಮಂಜು, ಎಲ್ಲ ಸರಿ. ಆದರೆ ವೀಕೆಂಡ್‌ನಲ್ಲಿ ಅಲ್ಲಿ ಕಾಣುವುದು ಎತ್ತಿ ಹಿಡಿದ ಮೊಬೈಲುಗಳು, ದಟ್ಟ ಮಂಜಿದ್ದರೆ ಅದೂ ಕಾಣುವುದಿಲ್ಲ. ನನಗೆ ಕೆಳಗಿನ ನಂದಿ ಗ್ರಾಮವೇ ಇಷ್ಟ. ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲು ನೋಡಿದ್ದೀರಾ? ಮೆಟ್ಟಿಲು, ಮೆಟ್ಟಿಲಿನ ನೆರಳು, ನೀರಿನಲ್ಲಿ ಮತ್ತೆ ಮೆಟ್ಟಿಲು. ಒಂದು ಬೆಳಗ್ಗೆ ಪೂರ್ತಿ ಅದಕ್ಕೇ ಹೋಗುತ್ತದೆ.

ಶಿಡ್ಲಘಟ್ಟ ಕಡೆ ನೆಂಟರಿದ್ದರೆ ರೇಷ್ಮೆ ಹುಳು ಸಾಕುವ ಹುಳುಮನೆಗೆ ಹೋಗಿ ಬನ್ನಿ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಕಳೆದ ಮೇಲೆ ಹುಳು ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ನಾನು ಕಾಯುವುದು ಹುಳು ಹಣ್ಣಾಗುವ ದಿನಕ್ಕೆ. ಬಿಳಿ ಹುಳುವಿನ ಮೈ ಒಳಗಿಂದ ಬೆಳಕು ಬಂದಂತೆ ತಿಳಿಯಾಗುತ್ತದೆ, ಆಗ ಅದನ್ನು ಗೂಡು ಕಟ್ಟಲು ಚಂದ್ರಿಕೆ ಅನ್ನೋ ತಟ್ಟೆಗೆ ಬಿಡುತ್ತಾರೆ. ಮನೆಯವರಿಗೆ ಅವತ್ತು ಉಸಿರಾಡಲು ಪುರುಸೊತ್ತು ಇರುವುದಿಲ್ಲ, ಆದ್ದರಿಂದ ಮೂಲೆಯಲ್ಲಿ ಕೂತು ಪೆನ್ಸಿಲ್ ಸ್ಕೆಚ್ ಮಾಡಿಕೊಂಡು ಬನ್ನಿ, ಅವರ ಕಾಲಿಗೆ ಅಡ್ಡ ಬರಬೇಡಿ.

ದೂರ ಹೋಗದೆ ಬರೆದವರು ಯಾರಿದ್ದಾರೆ ಅಂತ ಕೇಳಬಹುದು. ನಮ್ಮ ಪಕ್ಕದ ದೊಡ್ಡಬಳ್ಳಾಪುರದವರೇ ರುಮಾಲೆ ಚನ್ನಬಸವಯ್ಯ, 1910ರಲ್ಲಿ ಹುಟ್ಟಿದವರು, ಸ್ವಾತಂತ್ರ್ಯ ಹೋರಾಟದಲ್ಲಿದ್ದವರು. ಅವರು ಬರೆದದ್ದರಲ್ಲಿ ಬಹುಪಾಲು ಬೆಂಗಳೂರಿನ ರಸ್ತೆ, ಪಾರ್ಕುಗಳಲ್ಲಿ ಹೂ ಬಿಟ್ಟ ಮರಗಳು, ದಿನಾ ಸಾವಿರಾರು ಜನ ಕೆಳಗೆ ಓಡಾಡುತ್ತಿದ್ದ ಮರಗಳೇ. ಅವರ ಚಿತ್ರ ನೋಡಿದ ಮೇಲೆ ಮೇ ತಿಂಗಳ ಗುಲ್‌ಮೊಹರ್ ನನಗೆ ಮೊದಲಿನ ಹಾಗೆ ಕಾಣಲೇ ಇಲ್ಲ. ನಿಮ್ಮ ಕಡೆ ಗುಲ್‌ಮೊಹರ್ ಇಲ್ಲದಿದ್ದರೆ ಹೊಂಗೆ ಇದ್ದೇ ಇರುತ್ತದೆ ಅಲ್ವಾ, ಯುಗಾದಿ ಹೊತ್ತಿಗೆ ಅದರ ಚಿಗುರು ನೋಡಿ.

ಒಂದು ತೊಂದರೆ ಮಾತ್ರ ನಿಜ. ನಮ್ಮ ಬೇಸಿಗೆಯಲ್ಲಿ ಹೊರಗೆ ಕೂತರೆ ವಾಷ್ ಹಚ್ಚುತ್ತಿದ್ದಂತೆ ಒಣಗಿ ಅಂಚು ಕಟ್ಟುತ್ತದೆ. ಕಾಗದದ ಎರಡೂ ಬದಿ ಒದ್ದೆ ಮಾಡಿ ಪ್ಲಾಸ್ಟಿಕ್ ಹಲಗೆ ಮೇಲೆ ಅಂಟಿಸಿಕೊಳ್ಳಿ, ನೀರಿಗೆ ಎರಡು ಹನಿ ಗ್ಲಿಸರಿನ್ ಹಾಕಿ, ಮರದ ನೆರಳಲ್ಲಿ ಕೂರಿ. ಕಾಗದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇದ್ದರೆ ಒಳ್ಳೆಯದು.

ಮೊದಲ ಬಂಡೆಗೆ ನಿಮ್ಮ ಕೋಲಾರದ ಅಂತರಗಂಗೆ ಬೆಟ್ಟಕ್ಕೇ ಹೋಗಿ. ಹೊಳೆ ಇಲ್ಲ ಅಂದಿರಿ, ಅಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬರುತ್ತಿರುತ್ತದೆ. ಕೋತಿಗಳ ಕಾಟ ಮಾತ್ರ ಜಾಸ್ತಿ, ತಿಂಡಿ ತಗೊಂಡು ಹೋಗಬೇಡಿ, ಬ್ಯಾಗಿನ ಜಿಪ್ ಹಾಕಿಟ್ಟುಕೊಳ್ಳಿ.